ತಾಳೆ ನೋಡುವ ಬಟ್ಟು

"ಮುಳ್ಳು ನಡುಗೆರೆ ಮೇಲಿದೆಯೇನೇ? ನೀನೊಮ್ಮೆ ನೋಡು," ಅಂದಳು ದೊಡ್ಡಮ್ಮ.

ಗಿಲಕಿ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಗೆ ಕಣ್ಣು ಹಚ್ಚಿದಳು. ಅಂಗಡಿಗಳ ತೂಕದ ಬಟ್ಟುಗಳು ಸರಿಯಿವೆಯೇ ಅಂತ ನೋಡಿಕೊಡುವುದು ದೊಡ್ಡಮ್ಮನ ಕೆಲಸ. ಒಂದು ತಟ್ಟೆಯಲ್ಲಿ ಮದ್ದಿನಂಗಡಿಯ ನೂರು ಗ್ರಾಂ ಬಟ್ಟು, ಇನ್ನೊಂದರಲ್ಲಿ ದೊಡ್ಡಮ್ಮನ ನೂರು ಗ್ರಾಂ ಬಟ್ಟು. ಮುಳ್ಳು ನಡುಗೆರೆ ಬಿಟ್ಟು ಪಕ್ಕಕ್ಕೆ ವಾಲಿತ್ತು.

ಸದಾ ವಟವಟ ಅನ್ನುತ್ತಿದ್ದುದಕ್ಕೇ ಅವಳಿಗೆ ಗಿಲಕಿ ಅನ್ನುವ ಅಡ್ಡಹೆಸರು. ಇವತ್ತು ಮಾತ್ರ ಬೆಳಗಿನಿಂದ ಬಾಯಿಗೆ ಬೀಗ.

ನಿನ್ನೆ ಸಂಜೆ ದೊಡ್ಡಮ್ಮ ಹೊರಗೆ ಹೋಗಿದ್ದಾಗ ಗಿಲಕಿಯ ಗೆಳತಿ ಬಂದಿದ್ದಳು.

"ಬಟ್ಟುಗಳಿಗೂ ಕ್ಲಾಸ್ ಇರತ್ತೆ, ಗೊತ್ತಾ?" ಗಿಲಕಿ ಜಂಬ ಕೊಚ್ಚಿದ್ದಳು.

"ನಮ್ಮ ಥರ ಐದನೇ ಕ್ಲಾಸಾ?"

"ಅಯ್ಯೋ ಪೆದ್ದಿ! ಯಾವ ಬಟ್ಟೂ ಪೂರ್ತಿ ಸರಿ ಇರಲ್ವಂತೆ. ಎಷ್ಟು ತಪ್ಪಿದ್ರೆ ನಡೆಯತ್ತೆ ಅನ್ನೋದ್ರ ಮೇಲೆ ಕ್ಲಾಸು. ತರಕಾರಿಯವರದ್ದು ಎಂ ಕ್ಲಾಸ್. ಮದ್ದಿನಂಗಡಿಯದ್ದು ಎಫ್. ಅದು ಅಷ್ಟೊಂದು ತಪ್ಪಂಗಿಲ್ಲ. ದೊಡ್ಡಮ್ಮನ ಈ ಬಟ್ಟು ಇದೆಯಲ್ಲ, ಇದು ಇ ಕ್ಲಾಸ್! ಇದ್ರ ಜೊತೆ ತಾಳೆ ನೋಡಿಯೇ ಮದ್ದಿನಂಗಡಿಯದ್ದು ಸರಿಯಾ ತಪ್ಪಾ ಅಂತ ಹೇಳೋದು. ಬರಿಗೈಲಿ ಮುಟ್ಟಲೇಬಾರದು. ಬೆರಳಿನ ಜಿಡ್ಡಿಗೂ ತೂಕ ಇದೆ!"

ಹಾಗೆ ಹೇಳುತ್ತಲೇ ಅವಳು ಬರಿಗೈಯಲ್ಲಿ ಅದನ್ನು ಎತ್ತಿದ್ದಳು. ಬಟ್ಟು ಜಾರಿ ಠಣ್ಣೆಂದು ನೆಲಕ್ಕೆ ಬಿತ್ತು. ಅಂಚಿನಿಂದ ಒಂದು ಚೂರು ಹಾರಿತ್ತು, ಸಾಸಿವೆಯಷ್ಟೂ ಇಲ್ಲ. ಗಿಲಕಿ ಬಟ್ಟನ್ನು ಒರೆಸಿ ಮೊದಲಿದ್ದ ಹಾಗೇ ಇಟ್ಟಿದ್ದಳು.

"ಹೇಳೇ," ಅಂದಳು ದೊಡ್ಡಮ್ಮ. "ನಂಗ್ಯಾಕೋ ಪಕ್ಕಕ್ಕೆ ವಾಲಿದ ಹಾಗೆ ಕಾಣ್ತಿದೆ."

ಹೌದು ಅಂದರೆ ದೊಡ್ಡಮ್ಮ ತನ್ನ ಬಟ್ಟನ್ನು ತಿರುಗಿಸಿ ನೋಡುತ್ತಾಳೆ, ಚೂರು ಹಾರಿದ್ದು ಗೊತ್ತಾಗುತ್ತದೆ.

"ಇಲ್ವಲ್ಲ, ನಡುವೆಯೇ ಇದೆ," ಅಂದುಬಿಟ್ಟಳು ಗಿಲಕಿ.

ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಮತ್ತೆ ನೋಡಿದಳು. ಅವಳಿಗೆ ಮುಳ್ಳು ಈಗಲೂ ವಾಲಿದ ಹಾಗೇ ಕಂಡಿತು. ಹೋದ ತಿಂಗಳಷ್ಟೇ ಅವಳ ಕಣ್ಣಿನ ಆಪರೇಷನ್ ಆಗಿತ್ತು.

ಸಂಜೆ ಮದ್ದಿನಂಗಡಿಯಾಕೆ ಬಂದಾಗ ದೊಡ್ಡಮ್ಮ ಬಟ್ಟುಗಳ ಡಬ್ಬಿಯನ್ನು ಹಾಗೇ ಹಿಂದಕ್ಕೆ ಕೊಟ್ಟಳು. "ಬೇರೆ ಯಾರ ಹತ್ರಾನಾದ್ರೂ ಪರೀಕ್ಷೆ ಮಾಡಿಸಿಕೊಳ್ಳಮ್ಮ. ಮಕ್ಕಳ ಮದ್ದು ತೂಗೋ ಬಟ್ಟು. ನನ್ನ ಕಣ್ಣು ನಂಬಿ ಹೂಂ ಅನ್ನೋಕೆ ಧೈರ್ಯ ಇಲ್ಲ."

"ಇಷ್ಟು ವರ್ಷ ನೀವೇ ಅಲ್ವಾ ಮಾಡಿದ್ದು?" ಅಂದಳು ಆಕೆ. ದೊಡ್ಡಮ್ಮ ನಕ್ಕಳು. ಅದು ನಗುವಿನ ಹಾಗಿರಲಿಲ್ಲ.

ಮರುದಿನ ಅಡುಗೆಮನೆಯಲ್ಲಿ ದೊಡ್ಡಮ್ಮ ಎರಡು ಡಬ್ಬಿ ಹಿಡಿದು ನಿಂತಿದ್ದಳು. ಒಂದರಿಂದ ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿಕೊಂಡಳು.

"ಅದು ಉಪ್ಪು ದೊಡ್ಡಮ್ಮ. ಕಾಣಲ್ವಾ?"

"ಕಾಣತ್ತೆ ಪುಟ್ಟಾ. ಆದ್ರೆ ಕಂಡಿದ್ದು ಸರಿಯೋ ತಪ್ಪೋ ಯಾರಿಗ್ಗೊತ್ತು?"

ಗಿಲಕಿಗೆ ತಡೆಯಲಾಗಲಿಲ್ಲ. ಬಿಕ್ಕುತ್ತಾ ಎಲ್ಲ ಹೇಳಿಬಿಟ್ಟಳು. ಬಟ್ಟು ಬಿದ್ದಿದ್ದು, ಮುಳ್ಳು ವಾಲಿದ್ದನ್ನು ಕಂಡೂ ಸುಳ್ಳು ಹೇಳಿದ್ದು.

ದೊಡ್ಡಮ್ಮ ಕೆಲಸದ ಕೋಣೆಗೆ ಹೋಗಿ ಭೂತಗನ್ನಡಿ ಹಿಡಿದು ಬಟ್ಟನ್ನು ನೋಡಿದಳು. "ಇನ್ನು ಇದು ಎಂ ಕ್ಲಾಸು. ತರಕಾರಿ ತಕ್ಕಡಿಗಾದ್ರೆ ಆಗತ್ತೆ," ಅಂತ ಬೇರೆ ಡಬ್ಬಿಗೆ ಹಾಕಿದಳು. ಆಮೇಲೆ ಮದ್ದಿನಂಗಡಿಗೆ ಫೋನ್ ಮಾಡಿದಳು.

"ಹೌದಾ... ಆಗಲೇ ಬೇರೆಯವ್ರಿಗೆ ಒಪ್ಪಿಸಿಬಿಟ್ರಾ? ಇನ್ಮುಂದೆ ಅವ್ರೇನಾ? ಇರಲಿ ಬಿಡಮ್ಮ, ತಪ್ಪೇನಿಲ್ಲ."

ಫೋನ್ ಇಟ್ಟು ಅವಳು ತಕ್ಕಡಿಯ ಗಾಜಿನ ಬಾಗಿಲು ಮುಚ್ಚಿದಳು.

"ಬೈಯಿ ದೊಡ್ಡಮ್ಮ," ಅಂದಳು ಗಿಲಕಿ.

"ಬೈದ್ರೆ ನಿಂಗೆ ಹಗುರಾಗತ್ತೆ, ಅಲ್ವಾ?"

ದೊಡ್ಡಮ್ಮ ಬೈಯಲಿಲ್ಲ.

ಮಧ್ಯಾಹ್ನ ಒಣಗಿದ ಬಟ್ಟೆ ತರಲು ದೊಡ್ಡಮ್ಮ ಮಹಡಿಗೆ ಹೋದಳು. ಇಳಿದು ಬರುವಾಗ ಒಂದು ಕೈಯಲ್ಲಿ ಗೋಡೆ ಹಿಡಿದು, ಪಾದದಿಂದ ಮೆಟ್ಟಿಲನ್ನು ತಡವಿ ತಡವಿ ಹೆಜ್ಜೆ ಇಡುತ್ತಿದ್ದಳು. ಕಣ್ಣು ಸರಿಯಿದೆ ಅಂತ ಈಗ ಅವಳಿಗೂ ಗೊತ್ತು. ಆದರೂ ಹಾಗೇ ಇಳಿಯುತ್ತಿದ್ದಳು.

ಗಿಲಕಿ ಕೆಳಗೆ ನಿಂತು ನೋಡಿದಳು. ನಿಜ ಹೇಳಿಯಾಗಿತ್ತು. ಹೇಳುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.

ಅವಳು ಮೆಟ್ಟಿಲು ಹತ್ತಿ ಹೋಗಿ ದೊಡ್ಡಮ್ಮನ ತೋಳಿನಿಂದ ಬಟ್ಟೆ ತೆಗೆದುಕೊಂಡಳು. ಅವಳ ಹೆಜ್ಜೆಯಷ್ಟೇ ನಿಧಾನವಾಗಿ, ಪಕ್ಕದಲ್ಲೇ ಇಳಿದಳು.