ಸಹ ಅರ್ಜಿದಾರಳು

"ಈ ಮನೆ ಮೊದಲು ನೋಡಿದ್ದು ನಾನು."

"ನೋಡಿದವರಿಗೆಲ್ಲ ಮನೆ ಸಿಗೋ ಹಾಗಿದ್ರೆ ನನಗೆ ಇಷ್ಟೊತ್ತಿಗೆ ನಲವತ್ತು ಮನೆ ಇರ್ತಿತ್ತು ಮೇಡಂ."

ನಾಲ್ಕನೇ ಮಹಡಿಯ ಆ ಪುಟ್ಟ ಫ್ಲ್ಯಾಟಿನ ಬಾಗಿಲಲ್ಲಿ ಇಬ್ಬರೂ ಏದುಸಿರು ಬಿಡುತ್ತಾ ನಿಂತಿದ್ದರು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು, ವಯಸ್ಸು ಮೂವತ್ತೆಂಟು. ಅವನು ಲಿಫ್ಟ್ ಮೆಕ್ಯಾನಿಕ್. ಆ ಕಟ್ಟಡದ ಲಿಫ್ಟೇ ಕೆಟ್ಟಿತ್ತು. ದಲ್ಲಾಳಿ ಪುಣ್ಯಾತ್ಮ ಇಬ್ಬರನ್ನೂ ಒಂದೇ ಹೊತ್ತಿಗೆ ಕರೆದಿದ್ದ.

ಬೆಲೆ ಕೇಳಿದ ಮೇಲೆ ಜಗಳಕ್ಕೆ ಏನೂ ಉಳಿಯಲಿಲ್ಲ. ಅವಳಿಗೆ ಸಿಗುವ ಸಾಲಕ್ಕೆ ಅಡುಗೆಮನೆ ಬರುತ್ತಿತ್ತು, ಅವನಿಗೆ ಸಿಗುವ ಸಾಲಕ್ಕೆ ಹಾಲ್. ಇಬ್ಬರಿಗೂ ನಗು ಬಂತು. ಒಂದು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ಮಲಗಬೇಕು, ತನಗಿರುವುದು ಅಷ್ಟೇ ಆಸೆ ಎಂದಳು ಅವಳು. ಅಪರಿಚಿತನ ಮುಂದೆ ಯಾಕೆ ಹೇಳಿದೆನೋ ಎಂದು ಆಮೇಲೆ ಪೇಚಾಡಿಕೊಂಡಳು.

ಹೇಳದೆ ಏನು ಮಾಡಿಯಾಳು? ಹನ್ನೆರಡು ವರ್ಷದಿಂದ ಅವಳ ಸಂಬಳದ ಮುಕ್ಕಾಲು ಪಾಲು ಅಣ್ಣನ ಮನೆಯ ಕಂತಿಗೆ ಹೋಗುತ್ತಿತ್ತು. ಪತ್ರದಲ್ಲಿ ಹೆಸರು ಅಣ್ಣ ಅತ್ತಿಗೆಯದು. ಇವಳಿಗೆ ಹಾಲ್‌ನ ಸೋಫಾ, ಅದೂ ಎಲ್ಲರ ಟಿವಿ ಮುಗಿದ ಮೇಲೆ. ಮದುವೆಯ ಮಾತು ಬಂದಾಗಲೆಲ್ಲ ಅಣ್ಣ, ಕಂತು ಮುಗಿಯಲಿ ಎನ್ನುತ್ತಿದ್ದ. ಕಂತು ಮುಗಿಯಲೇ ಇಲ್ಲ.

ಆ ಮನೆ ನೋಡಿದ ದಿನದಿಂದ ಅವನು ಅವಳ ಆಸ್ಪತ್ರೆಯ ಲಿಫ್ಟನ್ನು ವಾರಕ್ಕೊಮ್ಮೆ ಪರೀಕ್ಷಿಸತೊಡಗಿದ. ಆ ಲಿಫ್ಟಿಗೆ ಏನೂ ಆಗಿರಲಿಲ್ಲ ಬಿಡಿ. ಸೂಜಿ ಕಂಡರೆ ಬೆವರುವ ಗಂಡಸು ಎರಡು ಸಲ ರಕ್ತಪರೀಕ್ಷೆಯನ್ನೂ ಮಾಡಿಸಿಕೊಂಡ. ನಾಲ್ಕು ತಿಂಗಳಲ್ಲಿ ಅವಳಿಗೆ ಅವನ ಹೆಜ್ಜೆಯ ಸದ್ದು ಗುರುತಾಗುವಷ್ಟಾಯಿತು.

'ಈ ವಯಸ್ಸಿನಲ್ಲಿ ಇದೇನು ಹುಚ್ಚು ನನಗೆ...'

ಒಂದು ಮಧ್ಯಾಹ್ನ ಅವನು ಲ್ಯಾಬಿನ ಕಿಟಕಿಯೊಳಗೆ ಒಂದು ಫಾರ್ಮ್ ತೂರಿಸಿದ. ಮನೆ ಸಾಲದ ಅರ್ಜಿ! ಇಬ್ಬರ ಸಂಬಳ ಸೇರಿದರೆ ಅದೇ ಮನೆ ಸಿಗುತ್ತದಂತೆ. ಸಹ ಅರ್ಜಿದಾರರು ಎಂಬಲ್ಲಿ ಅವಳ ಹೆಸರಿತ್ತು. ಸಂಬಂಧ ಎಂಬಲ್ಲಿ, ಪೆನ್ಸಿಲಿನಲ್ಲಿ, 'ಪತ್ನಿ' ಎಂದಿತ್ತು. ಬಾಯಿಬಿಟ್ಟು ಕೇಳಲು ಧೈರ್ಯ ಸಾಲದೆ ಹೀಗೆ ಮಾಡಿದ್ದ, ಪೆದ್ದ.

"ಒಪ್ಪಿಗೆ ಇದ್ರೆ... ಜೊತೆಗೆ ಸ್ಯಾಲರಿ ಸ್ಲಿಪ್ ಇಟ್ಟುಬಿಡಿ," ಎಂದು ಬೇರೆ ಹೇಳಿದ.

ಅವಳು ಫಾರ್ಮನ್ನು ಮೇಜಿನ ಮೇಲಿಟ್ಟಳು. 'ಇವನಿಗೂ ಬೇಕಾದದ್ದು ಅದೇನಾ?'

"ನನ್ನ ಸಂಬಳ ಈಗಾಗಲೇ ಒಂದು ಮನೆ ಕಟ್ಟಿದೆ. ಇನ್ನೊಂದಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಅವನು ಏನೋ ಹೇಳಹೊರಟ. ಅವಳು ಕಿಟಕಿ ಎಳೆದುಕೊಂಡಳು. ಒಳಗುಳಿದ ಫಾರ್ಮನ್ನು ಹರಿಯಲು ಮಾತ್ರ ಕೈ ಬರಲಿಲ್ಲ. ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿ, ಮನಸಾರೆ ಅತ್ತಳು.

ವಾರದೊಳಗೆ ಯಾರೋ ಪೂರ್ತಿ ಹಣ ಸುರಿದು ಆ ಮನೆ ಕೊಂಡರು. ಅದೂ ಬಾಡಿಗೆಗೆ ಬಿಡುವುದಕ್ಕೆ.

ಎರಡು ತಿಂಗಳಿಗೆ ಆಸ್ಪತ್ರೆಯವರು ಲ್ಯಾಬನ್ನು ಹೊರಗಿನವರಿಗೆ ವಹಿಸಿ ಅವಳನ್ನು ಕೆಲಸದಿಂದ ತೆಗೆದರು. ಮೊದಲ ತಿಂಗಳು ಅಣ್ಣ ಮಾತು ಬಿಟ್ಟ. ಮರು ತಿಂಗಳು ಅತ್ತಿಗೆ, ಮಕ್ಕಳಿಗೆ ಓದಲು ಹಾಲ್ ಬೇಕು, ಎಲ್ಲಾದರೂ ವ್ಯವಸ್ಥೆ ಮಾಡಿಕೊಳ್ಳಮ್ಮ ಎಂದು ತಣ್ಣಗೆ ಹೇಳಿದಳು. ಅಣ್ಣ ಪೇಪರಿನಿಂದ ತಲೆ ಎತ್ತಲಿಲ್ಲ. ಒಂದು ಸೂಟ್‌ಕೇಸ್ ಹಿಡಿದು ಅವಳು ಹೆಂಗಸರ ಹಾಸ್ಟೆಲ್ಲಿಗೆ ಬಂದಳು. ಒಂದು ಕೋಣೆಗೆ ಎಂಟು ಮಂಚ, ಬಾಗಿಲಿಗೆ ಚಿಲಕವೇ ಇಲ್ಲ.

ಹಾಸ್ಟೆಲ್ಲಿನ ಬೆಂಚಿನ ಮೇಲೆ ಒಂದು ಸಂಜೆ ಅವನು ಕಾದು ಕೂತಿದ್ದ. ಆಸ್ಪತ್ರೆಯಲ್ಲಿ ಕಸ ಗುಡಿಸುವಾಕೆಯನ್ನು ಕೇಳಿ ವಿಳಾಸ ಹಿಡಿದಿದ್ದ.

"ಇಷ್ಟು ದಿನ ಎಲ್ಲಿದ್ರಿ?" ಎಂದಳು ಅವಳು.

"ನಿಮಗೆ ಸಂಬಳ ಇರೋವರೆಗೂ ನಾನು ಏನು ಹೇಳಿದ್ರೂ ನೀವು ನಂಬ್ತಿರಲಿಲ್ಲ."

ಅವಳು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಅವನು ತನ್ನ ಬೂಟು ನೋಡುತ್ತಾ ಮುಂದುವರಿಸಿದ.

"ನಂದು ಒಂದೇ ರೂಮು. ನಲ್ಲಿ ಹೊರಗಡೆ. ಹೆಂಡತಿ ಬಂದ್ರೆ ಬಾಡಿಗೆ ಜಾಸ್ತಿ ಅಂತಾನೆ ಓನರ್. ಸ್ವಂತ ಮನೆ ಈ ಜನ್ಮದಲ್ಲಿ ಆಗೋ ಮಾತಲ್ಲ. ಆದ್ರೆ ನಿನ್ನೆ ಬಾಗಿಲಿಗೆ ಹೊಸ ಚಿಲಕ ಹಾಕಿದೀನಿ... ಒಳಗಡೆಯಿಂದ."

ಅವಳಿಗೆ ಕಣ್ಣೀರು ತಡೆಯಲಾಗಲಿಲ್ಲ. ಒಳಗೆ ಹೋಗಿ ಸೂಟ್‌ಕೇಸ್ ತಂದು, ಅದರಿಂದ ಆ ಮಡಿಸಿದ ಫಾರ್ಮ್ ತೆಗೆದು, ಮಾಸಿದ ಪೆನ್ಸಿಲ್ ಅಕ್ಷರದ ಮೇಲೆ ಪೆನ್ನಿನಿಂದ ತಿದ್ದಿದಳು. ಪತ್ನಿ.

"ಜೊತೆಗೆ ಇಡೋಕೆ ಸ್ಯಾಲರಿ ಸ್ಲಿಪ್ ಇಲ್ವಲ್ಲ ರೀ..."

"ಬೇಡ," ಎಂದು ಅವನು ಅವಳ ಸೂಟ್‌ಕೇಸ್ ಎತ್ತಿಕೊಂಡ. "ನೀವು ಬನ್ನಿ, ಸಾಕು."