ಆರನೆಯ ಹೆಸರು

ಅವಳ ತಂಗಿಯ ಗಂಡನ ಡಾಕ್ಟರೇಟ್ ಪ್ರಬಂಧದಲ್ಲಿ ನೂರ ಎಂಬತ್ತು ಪುಟಗಳಿದ್ದವು. ಅದರಲ್ಲಿ ಅವನು ಸ್ವಂತ ಬರೆದ ವಾಕ್ಯ ಒಂದೇ ಒಂದು: ತಾಯಿಗೆ ಅರ್ಪಣೆ. ಉಳಿದದ್ದೆಲ್ಲ ಅವಳದು.

ಶಾಲೆ ನಡೆಸುವುದು ಹೇಗೆ ಎಂಬುದಕ್ಕೆ ಡಾಕ್ಟರೇಟ್ ಕೊಡುವ ಶೈಕ್ಷಣಿಕ ನಾಯಕತ್ವ ವಿಭಾಗದಲ್ಲಿ ಅವಳು ಹದಿನೆಂಟು ವರ್ಷಗಳಿಂದ ಟೈಪಿಸ್ಟ್. ನಲವತ್ತಮೂರು ಪ್ರಬಂಧ ಟೈಪು ಮಾಡಿದ್ದಳು. ಟೈಪು ಎಂದರೆ, ಕೆಲವರು ಬರೆದು ತರುತ್ತಿದ್ದರು, ಕೆಲವರು ಹೇಳಿ ಬರೆಸುತ್ತಿದ್ದರು, ಕೆಲವರು ಒಂದು ಚೀಲ ಕಾಗದ ಮೇಜಿನ ಮೇಲೆ ಸುರಿದು 'ನೋಡ್ಕೊಳ್ಳಿ' ಎಂದು ಹೋಗುತ್ತಿದ್ದರು. ಆಮೇಲೆ ಅವರೆಲ್ಲ ಮುಖ್ಯೋಪಾಧ್ಯಾಯರೋ ಪ್ರಾಂಶುಪಾಲರೋ ಆಗುತ್ತಿದ್ದರು. ವರ್ಷಕ್ಕೊಮ್ಮೆ ವಿಭಾಗ ಹೊರತರುವ 'ನಮ್ಮ ಸಾಧಕರು' ಪುಸ್ತಿಕೆಯಲ್ಲಿ ಅವರ ಹೆಸರಿನ ಹಿಂದೆ 'ಡಾ.' ಸೇರಿಸುವವಳೂ ಅವಳೇ.

ಇಷ್ಟನ್ನೂ ಅವಳು ನುಂಗಿಕೊಂಡಿದ್ದಳು. ನುಂಗಲಾಗದ್ದು ಈ ವರ್ಷ ಬಂತು. ಅವಳು ಮಾಡುತ್ತಿದ್ದ ಕೆಲಸಕ್ಕೇ ವಿಭಾಗದವರು 'ಸಂಶೋಧನಾ ಸಂಯೋಜಕರು' ಎಂದು ಹೆಸರಿಟ್ಟು, ಒಂದು ಕೋಣೆ, ಒಂದು ತಿರುಗುವ ಕುರ್ಚಿ ಗೊತ್ತು ಮಾಡಿದರು. ಅರ್ಹತೆ: ಇದೇ ವಿಭಾಗದ ಡಾಕ್ಟರೇಟ್. ಮೊದಲ ಅರ್ಜಿ ತಂಗಿಯ ಗಂಡನದು. ಅವನ ಕೈಬರಹ ಕೋಳಿ ಕೆದಕಿದಂತಿದ್ದುದರಿಂದ ಆ ಅರ್ಜಿಯನ್ನೂ ಅವಳೇ ಟೈಪು ಮಾಡಿದಳು.

ಮಾಡುತ್ತಾ ಮಾಡುತ್ತಾ ತಾನೂ ಡಾಕ್ಟರಾಗುವುದೆಂದು ನಿರ್ಧರಿಸಿದಳು. ಕೋಪವೇನೂ ಬರಲಿಲ್ಲ. ಹಲ್ಲು ಕೀಳಿಸುವ ಮುಂಚೆ ಚುಚ್ಚುಮದ್ದು ಕೊಟ್ಟ ದವಡೆಯ ಹಾಗಿತ್ತು ಮನಸ್ಸು.

ಒಬ್ಬರು ಡಾಕ್ಟರಾಗಿದ್ದಾರೆ ಎನ್ನುವುದಕ್ಕೆ ಲೋಕದಲ್ಲಿ ಇರುವುದು ಮೂರೇ ಸಾಕ್ಷಿ ಎಂದು ಅವಳಿಗೆ ಗೊತ್ತಿತ್ತು: ವಿಭಾಗದ ದಾಖಲೆ ಪುಸ್ತಕ, 'ನಮ್ಮ ಸಾಧಕರು' ಪುಸ್ತಿಕೆ, ಗ್ರಂಥಾಲಯದ ಕಪಾಟಿನಲ್ಲಿರುವ ಪ್ರಬಂಧ. ಮೊದಲೆರಡು ಅವಳ ಬೀರುವಿನಲ್ಲೇ ಇದ್ದವು. ಒಂಬತ್ತು ವರ್ಷ ಹಿಂದಿನ ಸಾಲನ್ನು ಆರಿಸಿಕೊಂಡಳು. ಆ ವರ್ಷ ಪದವಿ ಪಡೆದವರು ಐವರು. ಆರನೆಯ ಹೆಸರಿಗೆ ಅಡಿಯಲ್ಲಿ ಜಾಗ ಖಾಲಿಯಿತ್ತು, ಯಾರೋ ಅವಳಿಗೆಂದೇ ಹಿಡಿದಿಟ್ಟ ಸೀಟಿನ ಹಾಗೆ. ಆಗಿನ ಮಾರ್ಗದರ್ಶಕ ಪ್ರೊಫೆಸರ್ ತೀರಿಕೊಂಡಿದ್ದರು. ಕೊನೆಯ ವರ್ಷಗಳಲ್ಲಿ ಕೈ ನಡುಗಿ, ಅವರ ಸಹಿಯನ್ನು ಅವರೇ ಹೇಳಿ ಅವಳಿಂದ ಹಾಕಿಸುತ್ತಿದ್ದರು. ಹಾಗಾಗಿ ಅವಳು ಹಾಕಿದ ಸಹಿಯೇ ಕಡತಗಳಲ್ಲಿ ಹೆಚ್ಚು ಅಸಲಿ. ದಾಖಲೆಯಲ್ಲೂ ಪುಸ್ತಿಕೆಯಲ್ಲೂ ತನ್ನ ಹೆಸರು ಸೇರಿಸಿ, ಅದೇ ಸಹಿ ಹಾಕಿದಳು. ವಿಭಾಗದ ಮುಖ್ಯಸ್ಥರು ಮೂರು ವರ್ಷಕ್ಕೊಬ್ಬರು ಬದಲಾಗುತ್ತಿದ್ದರು. ಈಗಿನ ಮೇಡಂ ಬಂದು ಏಳು ತಿಂಗಳು.

ಅವಳಿಗೆ ಡಾಕ್ಟರೇಟ್ ಇಲ್ಲವೆಂದು ಖಚಿತವಾಗಿ ಗೊತ್ತಿದ್ದವನು ತಂಗಿಯ ಗಂಡನೊಬ್ಬನೇ. ಒಂದು ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿಬಿಟ್ಟಳು.

"ನಾನೂ ಆ ಕೆಲಸಕ್ಕೆ ಅರ್ಜಿ ಹಾಕಿದೀನಿ."

"ಅದಕ್ಕೆ ಡಾಕ್ಟರೇಟ್ ಬೇಕಲ್ಲ, ಅಕ್ಕಾ."

"ಇದೆ."

"ಯಾವಾಗ ಮಾಡಿದ್ರಿ?"

"ನಿಮ್ಮದು ಮಾಡ್ದಾಗ್ಲೇ. ಒಂದೇ ಕೈಯಲ್ಲಿ ಎರಡೂ ಆಯ್ತು."

ಅವನು ತುತ್ತು ಅಗಿಯುತ್ತಲೇ ಇದ್ದ. ಅಷ್ಟು ಹೊತ್ತು ಅಗಿಯುವಂಥದ್ದು ಅನ್ನದಲ್ಲಿ ಏನೂ ಇರಲಿಲ್ಲ. ತಂಗಿ ಮಾತ್ರ, "ಹೇಳೋದಲ್ವೇನೇ ಅಕ್ಕ, ಒಂದು ಸ್ವೀಟಾದ್ರೂ ಮಾಡ್ತಿದ್ದೆ" ಎಂದಳು.

ಉಳಿದದ್ದು ಪ್ರಬಂಧ. ಅದನ್ನು ಅವಳು ಕದಿಯಲಿಲ್ಲ. ನಲವತ್ತಮೂರು ಜನ ತಮ್ಮ ವಾದಕ್ಕೆ ಒಗ್ಗಲಿಲ್ಲವೆಂದು ಬಿಸಾಡಿ ಹೋದ ಅಂಕಿಅಂಶಗಳನ್ನೆಲ್ಲ ಅವಳು ರಟ್ಟಿನ ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದಳು. ಹೊಂದಿಸಿ ನೋಡಿದರೆ ಅವೆಲ್ಲ ಒಂದೇ ಮಾತು ಹೇಳುತ್ತಿದ್ದವು: ಮುಖ್ಯೋಪಾಧ್ಯಾಯರು ರಜೆಯಲ್ಲಿದ್ದಾಗ ಶಾಲೆ ಇನ್ನಷ್ಟು ಚೆನ್ನಾಗಿ ನಡೆಯುತ್ತದೆ. ಮಕ್ಕಳ ಹಾಜರಿ ಏರುತ್ತದೆ, ಸೀಮೆಸುಣ್ಣ ಕಡಿಮೆ ಮುಗಿಯುತ್ತದೆ, ಗಂಟೆ ಸರಿಯಾದ ಹೊತ್ತಿಗೆ ಹೊಡೆಯುತ್ತದೆ. ಇನ್ನೂರ ಹತ್ತು ಪುಟ ಬರೆದಳು. ಒಂದಂಕಿಯೂ ಸುಳ್ಳಲ್ಲ. ಸುಳ್ಳಿದ್ದದ್ದು ತಾರೀಖು ಮಾತ್ರ.

ಅದೇ ಬೈಂಡರನಿಂದ ಅದೇ ನೀಲಿ ರೆಕ್ಸಿನ್ ಹಾಕಿಸಿದಳು. ಹಾಳೆಗಳನ್ನು ತಾರಸಿಯಲ್ಲಿ ಹಪ್ಪಳದ ಹಾಗೆ ಒಣಗಿಸಿ ಹಳದಿ ಬರಿಸಿದ್ದಳು. ನಲವತ್ತನೆಯ ಪುಟದಲ್ಲಿ ಚಹಾ ಲೋಟದ ಒಂದು ಉಂಗುರ. ಗ್ರಂಥಾಲಯದಲ್ಲಿ ತಾನು ಕಾದಂಬರಿ ಎರವಲು ತರುವಾಗ ಹಿಂಬದಿಯ ರಟ್ಟಿನಲ್ಲಿ ಎರವಲು ಕೊಟ್ಟ ತಾರೀಖು ಒತ್ತುವ ಚೀಟಿ ಇರುವುದನ್ನು ಕಂಡಿದ್ದಳು. ಅಂಥದ್ದೇ ಚೀಟಿ ಅಂಟಿಸಿದಳು. ಗ್ರಂಥಪಾಲರು ಚಹಾಕ್ಕೆ ಹೋದ ಹೊತ್ತಿನಲ್ಲಿ ಅವರ ಮೊಹರಿನ ಚಕ್ರ ತಿರುಗಿಸಿ, ಬೇರೆ ಬೇರೆ ವರ್ಷಗಳ ಹನ್ನೊಂದು ತಾರೀಖು ಒತ್ತಿದಳು. ಕೆಲವು ಗಾಢ, ಕೆಲವು ಮಸುಕು, ಒಂದು ಸೊಟ್ಟ. ಹನ್ನೆರಡು ಒತ್ತಿದರೆ ಜಂಭವಾದೀತು ಅನಿಸಿತು. ಹನ್ನೊಂದು ಜನ ಓದಿದ ಪುಸ್ತಕವನ್ನು ಯಾರು ತಾನೆ ಖೋಟಾ ಅಂದಾರು? ಪುಸ್ತಕವನ್ನು ಕಪಾಟಿನಲ್ಲಿ ಆ ಐವರ ಪಕ್ಕ ತೂರಿಸಿ, ಗ್ರಂಥಾಲಯದ ಪಟ್ಟಿಯಲ್ಲೂ ಆರನೆಯ ಹೆಸರು ಸೇರಿಸಿ ಮನೆಗೆ ಹೋದಳು.

ಸಂದರ್ಶನದ ದಿನ ಹೊರಗಿನ ಬೆಂಚಿನ ಮೇಲೆ ತಂಗಿಯ ಗಂಡ ಬೆವರುತ್ತಾ ಕೂತಿದ್ದ. ಒಳಗೆ ಮೇಡಂ ಅವಳ ದಾಖಲೆ ನೋಡಿದರು, ಸಹಿ ನೋಡಿದರು.

"ಇಷ್ಟು ದಿನ ಹೇಳ್ಲೇ ಇಲ್ವಲ್ಲ ನೀವು? ಡಾಕ್ಟರ್ ಕೈಲಿ ಲಕೋಟೆ ಅಂಟಿಸೋ ಕೆಲಸ ಮಾಡಿಸ್ತಿದ್ವಿ."

"ಯಾರೂ ಕೇಳ್ಲಿಲ್ಲ ಮೇಡಂ."

ಮೇಡಂ ನಕ್ಕರು. ಇಬ್ಬರು ಸದಸ್ಯರೂ ನಕ್ಕರು. ಕೆಲಸ ಆಯಿತು ಎಂದು ಅವಳಿಗೆ ತಿಳಿಯಿತು. ಸಂತೋಷ ಬರಲಿ ಎಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ.

ಆಗ, ಅಭ್ಯರ್ಥಿಗಳಿಬ್ಬರ ಪ್ರಬಂಧ ತರಲು ಮೇಡಂ ಹೇಳಿಕಳಿಸಿದ್ದ ಗ್ರಂಥಪಾಲರು ಒಳಗೆ ಬಂದರು. ಮುದುಕರ ಮುಖ ಮದುವೆಮನೆಯ ಹಾಗೆ ಬೆಳಗಿತ್ತು. "ಮೇಡಂ, ಇಪ್ಪತ್ತಾರು ವರ್ಷದಿಂದ ಈ ಪ್ರಬಂಧಗಳ ಧೂಳು ಹೊಡೀತಾ ಇದೀನಿ. ಎಲ್ಲಾ ವಿಭಾಗದವೂ ಸೇರಿ ನಾನೂರ ಹನ್ನೆರಡು ಇವೆ. ಒಬ್ರಾದ್ರೂ ಬಂದು ಒಂದನ್ನಾದ್ರೂ ಕೇಳಿದ್ದು ನಂಗೆ ನೆನಪಿಲ್ಲ" ಎನ್ನುತ್ತಾ ತಂಗಿಯ ಗಂಡನ ಪುಸ್ತಕದ ಹಿಂಬದಿ ತೆರೆದರು. ಚೀಟಿ ನಿನ್ನೆ ಅಂಟಿಸಿದಷ್ಟು ಬಿಳಿಯಾಗಿತ್ತು. "ಎಲ್ಲಾ ಹೀಗೇ. ಇದೊಂದು ಬಿಟ್ಟು." ಅವಳದನ್ನು ತೆರೆದು ಮೇಜಿನ ನಡುವೆ ಇಟ್ಟರು. "ಹನ್ನೊಂದು ಸಲ. ಸಂತೋಷ ತಡೆಯೋಕಾಗ್ಲಿಲ್ಲ ನೋಡಿ. ಆ ಪುಣ್ಯಾತ್ಮರು ಯಾರು ಅಂತ ನೋಡೋಣ ಅಂತ ಎರವಲು ರಿಜಿಸ್ಟರೂ ತಂದೆ." ಮೇಡಂ ನಗುವುದನ್ನು ನಿಲ್ಲಿಸಿ, ಅವಳು ಒಂದಕ್ಷರವೂ ಬರೆದಿರದ ಆ ರಿಜಿಸ್ಟರನ್ನು ತಮ್ಮ ಕಡೆ ಎಳೆದುಕೊಂಡರು. ಅವಳು ಆ ಬಿಳಿ ಚೀಟಿಯನ್ನೇ ನೋಡುತ್ತಿದ್ದಳು. ನಲವತ್ತಮೂರು ಪ್ರಬಂಧಗಳನ್ನು ಕೊನೆಯ ಪುಟದ ಕೊನೆಯ ಸಾಲಿನವರೆಗೆ ಟೈಪು ಮಾಡಿದ್ದಳು, ಅದರಾಚೆಯ ರಟ್ಟನ್ನು ಒಮ್ಮೆಯೂ ತಿರುವಿರಲಿಲ್ಲ. ಹದಿನೆಂಟು ವರ್ಷ ಒಂದೊಂದು ಅಲ್ಪವಿರಾಮವನ್ನೂ ಎರಡೆರಡು ಸಲ ತಿದ್ದಿದ್ದಳು, ಯಾರಾದರೂ ಓದುತ್ತಾರಲ್ಲ ಎಂದು.