ಟಿಫ್ರೆಂಡ್

“ಇದು ನೀನೇ ಮಾಡಿದ್ದಾ?” ಇಂಗ್ಲಿಷ್ ಮಿಸ್ ಚೀಟಿ ಎತ್ತಿ ಹಿಡಿದು ಕೇಳಿದರು.

“ಹ್ಞೂಂ,” ಅಂದಳು ಪಟಾಕಿ.

ಬಾಯಿ ತೆರೆಯದೆಯೇ ಹೇಳಬಹುದಾದ ಸುಳ್ಳು ಅದು. ಚೀಟಿಯಲ್ಲಿ ‘ಟಿಫ್ರೆಂಡ್’ ಎಂದಿತ್ತು, ಕೆಳಗೆ ಪಟಾಕಿಯ ಹೆಸರಿತ್ತು. ಆ ಪದವನ್ನು ನಿಜವಾಗಿ ಮಾಡಿದ್ದು ಸೋಡಾ. ಅವಳು ಜ್ವರ ಬಂದು ಮನೆಯಲ್ಲಿ ಮಲಗಿದ್ದಳು.

ಬಾಯಿ ಮುಚ್ಚದಿರುವುದಕ್ಕೆ ಇವಳು ಪಟಾಕಿ, ದಪ್ಪ ಕನ್ನಡಕಕ್ಕೆ ಅವಳು ಸೋಡಾ. ಒಂದನೇ ಕ್ಲಾಸಿನಿಂದ ಒಂದೇ ಬೆಂಚು. ಮಧ್ಯಾಹ್ನ ಯಾರ ಡಬ್ಬಿಗೆ ಯಾರು ಕೈ ಹಾಕುತ್ತಾರೆಂಬ ಲೆಕ್ಕವೇ ಇರಲಿಲ್ಲ.

ಹಿಂದಿನ ವಾರ ಮಿಸ್ ಹೊಸ ಪಾಠ ಶುರು ಮಾಡಿದ್ದರು.

“ನೋಡ್ರೋ, ಬ್ರೇಕ್‌ಫಾಸ್ಟಿನ ತಲೆ, ಲಂಚಿನ ಬಾಲ. ಸೇರಿಸಿದ್ರೆ ಬ್ರಂಚ್! ಸ್ಮೋಕ್, ಫಾಗ್ ಸೇರಿ ಸ್ಮಾಗ್. ಸುಮ್ನೆ ಪಕ್ಕಪಕ್ಕ ಅಂಟಿಸಿದ್ರೆ ಆಗಲ್ಲ. ಎರಡೂ ಸ್ವಲ್ಪ ಸ್ವಲ್ಪ ಬಿಟ್ಕೊಡ್ಬೇಕು. ನೀವೂ ಒಂದೊಂದು ಪದ ಮಾಡ್ಕೊಂಡು ಬನ್ನಿ. ಚೆನ್ನಾಗಿರೋದನ್ನ ಕ್ಲಾಸ್ ಬಾಗಿಲಿಗೆ ಹಾಕ್ತೀನಿ, ಮಾಡಿದವರ ಹೆಸರ ಜೊತೆ.”

ಊಟದ ಬಿಡುವಿನಲ್ಲಿ ಪಟಾಕಿ ಕೂಗಿದ್ದಳು, “ಲಂಚ್‌ಫ್ರೆಂಡ್!”

“ಅದು ಬರೀ ಅಂಟಿಸಿದ್ದು ಕಣೇ.” ಸೋಡಾ ಬಾಯಲ್ಲಿದ್ದುದನ್ನು ನಿಧಾನವಾಗಿ ಅಗಿದಳು. “ಟಿಫಿನ್... ಫ್ರೆಂಡ್... ಟಿಫ್ರೆಂಡ್!”

ಇಬ್ಬರೂ ನಕ್ಕ ರಭಸಕ್ಕೆ ಪಟಾಕಿಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತು.

“ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ಬರಿ. ಇಬ್ಬರ ಹೆಸ್ರೂ ಹಾಕು,” ಅಂದಿದ್ದಳು ಸೋಡಾ.

ಪಟಾಕಿ ತನ್ನ ಹೆಸರು ಬರೆದಳು. ಆಮೇಲೆ ಪೆನ್ನು ನಿಂತಿತು. ಎರಡು ಹೆಸರಿದ್ದರೆ ಚಪ್ಪಾಳೆಯೂ ಅರ್ಧರ್ಧ ಆಗುತ್ತದಲ್ಲ ಅನ್ನಿಸಿತು. ಕ್ಯಾಪ್ ಹಾಕಿಬಿಟ್ಟಳು.

ಆ ‘ಹ್ಞೂಂ’ ಅನ್ನು ಮಿಸ್ ನಂಬಿದರು, ಚೀಟಿ ಬಾಗಿಲಿಗೇರಿತು. ಎರಡೇ ದಿನದಲ್ಲಿ ಇಡೀ ಕ್ಲಾಸು ‘ಲೇ ಟಿಫ್ರೆಂಡ್’ ಎನ್ನತೊಡಗಿತು. ನಾಳೆ ಮಿಸ್‌ಗೆ ನಿಜ ಹೇಳಿಬಿಡುತ್ತೇನೆ ಎಂದುಕೊಂಡೇ ಪಟಾಕಿ ಮನೆಗೆ ಹೋದಳು. ಚೀಟಿಯ ಸುದ್ದಿಯನ್ನು ಅವಳು ಮೊದಲ ದಿನವೇ ಮನೆಯಲ್ಲಿ ಹೇಳಿದ್ದಳು. ಗ್ಯಾರೇಜಿನಿಂದ ಬಂದ ಅಪ್ಪ ಗ್ರೀಸಿನ ಕೈಯನ್ನೂ ತೊಳೆಯದೆ ಹೇಳಿದರು, “ನನ್ನ ಮಗಳು ಇಂಗ್ಲಿಷಿಗೇ ಒಂದು ಪದ ಕೊಟ್ಟಿದಾಳೆ ಅಂತ ಎಲ್ಲರಿಗೂ ಹೇಳ್ದೆ ಕಣಮ್ಮ!” ಮರುದಿನ ಪಟಾಕಿ ಮಿಸ್ ಹತ್ತಿರ ಹೋಗಲಿಲ್ಲ.

ನಾಲ್ಕನೇ ದಿನ ಸೋಡಾ ಬಂದಳು. ಬಾಗಿಲ ಮುಂದೆ ನಿಂತು, ಕನ್ನಡಕ ಮೇಲೆ ತಳ್ಳಿ, ಚೀಟಿ ಓದಿದಳು. ಮತ್ತೊಮ್ಮೆ ಓದಿದಳು.

“ಸೋಡಾ, ಅದು... ಜಾಗ ಇರ್ಲಿಲ್ಲ ಕಣೇ,” ಅಂದಳು ಪಟಾಕಿ.

“ಇದೆ,” ಅಂದಳು ಸೋಡಾ.

ಇತ್ತು. ಇನ್ನೊಂದು ಹೆಸರು ಕಾಲು ಚಾಚಿ ಮಲಗುವಷ್ಟು ಜಾಗವಿತ್ತು.

ಮಧ್ಯಾಹ್ನ ಸೋಡಾ ತನ್ನ ಡಬ್ಬಿ ಎತ್ತಿಕೊಂಡು ಕೊನೆಯ ಬೆಂಚಿಗೆ ಹೋದಳು. ಪಟಾಕಿ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ಹಾಕಿದಳು. ತನ್ನ ಮೇಲೆ ತನಗೇ ಅಸಹ್ಯವಾಯಿತು. ಎದ್ದು ಸ್ಟಾಫ್ ರೂಮಿಗೆ ಓಡಿ, ಅಳುತ್ತಾ ಎಲ್ಲವನ್ನೂ ಮಿಸ್‌ಗೆ ಹೇಳಿದಳು.

ಮಿಸ್ ಬೈಯಲಿಲ್ಲ. ಸ್ಕೆಚ್ ಪೆನ್ ತಂದು ಸೋಡಾಳ ಹೆಸರನ್ನು ಮೇಲೆ, ದೊಡ್ಡದಾಗಿ ಬರೆದರು. ಕ್ಲಾಸಿಗೆಲ್ಲ ನಡೆದದ್ದನ್ನು ತಿಳಿಸಿ, ಸೋಡಾಗೆ ಚಪ್ಪಾಳೆ ತಟ್ಟಿಸಿದರು. ಮನೆಯಲ್ಲಿ ಪಟಾಕಿ ಅಪ್ಪನಿಗೂ ಹೇಳಿದಳು. ಅಪ್ಪ ಎದ್ದು ಕೈ ತೊಳೆಯಲು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಪಟಾಕಿ ಡಬ್ಬಿ ಬಿಚ್ಚಿ ಕಾದಳು. ಹೆಸರು ಬಂತು, ಚಪ್ಪಾಳೆಯೂ ಬಂತು, ಇನ್ನು ಸೋಡಾ ಬಂದೇ ಬರುತ್ತಾಳೆ.

ಸೋಡಾ ಕೊನೆಯ ಬೆಂಚಿನಲ್ಲೇ ಇದ್ದಳು. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಪಟಾಕಿಯತ್ತ ಕೈ ತೋರಿಸಿ ಅವಳನ್ನು ಕೇಳಿದಳು, “ಅವಳು ನಿನ್ನ ಟಿಫ್ರೆಂಡ್ ಅಲ್ವಾ?”

“ಅಲ್ಲ,” ಅಂದಳು ಸೋಡಾ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. “ಮುಂಚೆ ನಾವಿಬ್ರೂ ಒಟ್ಟಿಗೆ ಊಟ ಮಾಡ್ತಿದ್ವಿ.”

ಪಟಾಕಿ ಡಬ್ಬಿ ಮುಚ್ಚಿದಳು. ಕಾರಿಡಾರಿನಲ್ಲಿ ಯಾರೋ ಯಾರನ್ನೋ “ಬಾರೋ ಟಿಫ್ರೆಂಡ್!” ಎಂದು ಕೂಗುತ್ತಿದ್ದರು. ಇಡೀ ಕ್ಲಾಸಿನಲ್ಲಿ ಆ ಪದ ಬಾಯಿಗೆ ಬಾರದವರು ಇಬ್ಬರೇ ಎಂದು ಅವಳಿಗೆ ಹೊಳೆಯಿತು. ಆ ಇಬ್ಬರ ಹೆಸರೂ ಬಾಗಿಲ ಮೇಲಿತ್ತು.